ನೋಟಕ್ಕೂ ಉತ್ತರ ಹೇಳಬೇಕಾಗಿದೆ

ಹಕ್ಕಿಗಳನ್ನು ನೋಡುವ, ಅವುಗಳ ಚಿತ್ರ ತೆಗೆಯುವ ಹವ್ಯಾಸ ಇಂದು ನಮ್ಮ ಮನೆಗಳೊಳಗೂ ಬಂದಿದೆ. ಹಿಂದೆ ಇದು ದುಬಾರಿ ಕ್ಯಾಮರಾ ಕೊಳ್ಳಬಲ್ಲ ಕೆಲವರ ಆಸಕ್ತಿಯಾಗಿತ್ತು. ಈಗ ಕಿಸೆಯಲ್ಲಿ ಮೊಬೈಲ್ ಇರುವ ಪ್ರತಿಯೊಬ್ಬ ಹುಡುಗನೂ ಛಾಯಾಗ್ರಾಹಕನೇ. ರಜಾದಿನ ಬಂತೆಂದರೆ ಗದ್ದೆಯ ಹುಣಿಯಲ್ಲಿ, ಕೆರೆಯ ಏರಿಯಲ್ಲಿ, ನದಿಯ ಅಳಿವೆಯ ಬಳಿ ನಾಲ್ಕಾರು ಮಂದಿ ಕತ್ತೆತ್ತಿ ನಿಂತಿರುವುದನ್ನು ಕಾಣುತ್ತೇವೆ.

ಈ ಬಗ್ಗೆ ನಮ್ಮಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಹಿರಿಯರಲ್ಲಿ ಕೆಲವರು, "ಇದು ಕೆಲಸವಿಲ್ಲದವರ ಕೆಲಸ. ಆ ಹೊತ್ತಿನಲ್ಲಿ ನಾಲ್ಕು ಅಕ್ಷರ ಓದಬಾರದೇ?" ಎನ್ನುತ್ತಾರೆ. ಯುವಕರು, "ನಾವು ಬೇಟೆಯಾಡುವುದಿಲ್ಲ, ಕಲ್ಲು ಹೊಡೆಯುವುದಿಲ್ಲ. ಬರೇ ನೋಡುತ್ತೇವೆ. ನೋಡುವುದರಲ್ಲಿ ತಪ್ಪೇನಿದೆ?" ಎಂದು ಕೇಳುತ್ತಾರೆ. ಈ ಎರಡೂ ಮಾತುಗಳಲ್ಲಿ ಅರ್ಧ ಸತ್ಯವಿದೆ. ಮೊದಲನೆಯವರು ನೋಟದ ಬೆಲೆಯನ್ನು ಅರಿತಿಲ್ಲ. ಎರಡನೆಯವರು ನೋಟದ ಹೊಣೆಯನ್ನು ಅರಿತಿಲ್ಲ.

ಕಿವಿ, ಕಣ್ಣು, ಹೃದಯ ಇವೆಲ್ಲವುಗಳ ಬಗ್ಗೆ ಮನುಷ್ಯನು ಪ್ರಶ್ನಿಸಲ್ಪಡುವನೆಂದು ಪವಿತ್ರ ಕುರ್‌ಆನಿನ 17ನೇ ಅಧ್ಯಾಯದಲ್ಲಿ ಎಚ್ಚರಿಸಲಾಗಿದೆ. ನಿಷಿದ್ಧವಾದುದನ್ನು ನೋಡಬಾರದು ಎಂಬ ಅರ್ಥದಲ್ಲಿ ಮಾತ್ರ ನಾವು ಇದನ್ನು ಮಕ್ಕಳಿಗೆ ಬೋಧಿಸುವುದು ರೂಢಿ. ಆದರೆ ಕಣ್ಣಿನ ಬಗೆಗಿನ ಪ್ರಶ್ನೆ ಅಷ್ಟಕ್ಕೇ ನಿಲ್ಲಬೇಕೆಂದಿಲ್ಲ. ನೋಡಬೇಕಾದುದನ್ನು ನೋಡಿದೆಯಾ? ನೋಡಲು ಅನುಮತಿಯಿದ್ದುದನ್ನು ಹೇಗೆ ನೋಡಿದೆ? ಈ ಎರಡು ಪ್ರಶ್ನೆಗಳೂ ಅದರಲ್ಲಿ ಅಡಗಿವೆ. ಇಲ್ಲಿ ನಾವು ಯೋಚಿಸಬೇಕಾದುದು ಇವುಗಳನ್ನೇ.

ಕೆಲಸವಿಲ್ಲದವರ ಕೆಲಸವೇ?

ಕನ್ನಡದಲ್ಲಿ 'ಕಾಣುವುದು' ಬೇರೆ, 'ನೋಡುವುದು' ಬೇರೆ. ಕಣ್ಣು ತೆರೆದಿದ್ದರೆ ಸಾಕು, ಎದುರಿಗಿದ್ದುದು ಕಾಣುತ್ತದೆ. ನೋಡಬೇಕಾದರೆ ಮನಸ್ಸೂ ಅಲ್ಲಿರಬೇಕು. ನಮ್ಮ ಅಂಗಳದಲ್ಲಿ ದಿನವೂ ಹಾರಾಡುವ ಹಕ್ಕಿಗಳನ್ನು ನಾವು ಕಾಣುತ್ತೇವೆಯೇ ಹೊರತು ನೋಡುವುದಿಲ್ಲ. ಮನೆಯ ಹಿತ್ತಿಲಲ್ಲಿ ಎಷ್ಟು ಬಗೆಯ ಹಕ್ಕಿಗಳಿವೆಯೆಂದು ಕೇಳಿದರೆ ಹೆಚ್ಚಿನವರು ಕಾಗೆ, ಗುಬ್ಬಚ್ಚಿ, ಪಾರಿವಾಳ ಎಂದು ಮೂರು ಹೆಸರಿಗೆ ನಿಲ್ಲಿಸುತ್ತಾರೆ. ಬೆಳಿಗ್ಗೆ ಸಿಳ್ಳು ಹಾಕುವ ಮಡಿವಾಳ, ದಾಸವಾಳದ ಗಿಡದಲ್ಲಿ ಕೂರುವ ಪಿಕಳಾರ, ಎರಡು ಎಲೆಗಳನ್ನು ಅಂಚಿನಲ್ಲಿ ಹೊಲಿದು ಜೋಡಿಸಿ ಅದರೊಳಗೆ ಗೂಡು ಮಾಡುವ ಟುವ್ವಿ, ಬೇಲಿಯ ಸಂದಿನಲ್ಲಿ ನಡೆದಾಡುವ ಕೆಂಬೂತ, ವಿದ್ಯುತ್ ತಂತಿಯ ಮೇಲೆ ಕುಳಿತು ಕೀಟಗಳನ್ನು ಹಿಡಿಯುವ ಕಾಜಾಣ ಇವೆಲ್ಲ ನಮ್ಮ ನೆರೆಹೊರೆಯವೇ. ಆದರೂ ನಮಗೆ ಇವುಗಳ ಪರಿಚಯವಿಲ್ಲ.

ತಮ್ಮ ತಲೆಯ ಮೇಲೆ ರೆಕ್ಕೆಗಳನ್ನು ಬಿಡಿಸುತ್ತ, ಮಡಚುತ್ತ ಹಾರುವ ಹಕ್ಕಿಗಳನ್ನು ಇವರು ನೋಡುವುದಿಲ್ಲವೇ ಎಂದು ಕುರ್‌ಆನಿನ 67ನೇ ಅಧ್ಯಾಯವು ಕೇಳುತ್ತದೆ. ಭೂಮಿಯ ಮೇಲಿನ ಪ್ರಾಣಿಗಳೂ ರೆಕ್ಕೆಗಳಿಂದ ಹಾರುವ ಹಕ್ಕಿಗಳೂ ನಿಮ್ಮಂತಹ ಸಮುದಾಯಗಳೇ ಎಂಬುದು 6ನೇ ಅಧ್ಯಾಯದ ಬೋಧನೆ. ತನ್ನ ಸಹೋದರನನ್ನು ಕೊಂದ ಆದಮರ ಮಗನಿಗೆ ಶವ ಹೂಳುವ ಕ್ರಮವನ್ನು ತೋರಿಸಿದ್ದು ಒಂದು ಕಾಗೆ. ಸಬಾ ರಾಜ್ಯದ ಸುದ್ದಿಯನ್ನು ಪ್ರವಾದಿ ಸುಲೈಮಾನರಿಗೆ(ಅ) ತಂದದ್ದು ಹುದ್‌ಹುದ್ ಎಂಬ ಹಕ್ಕಿ. ಅದು ಬೇರೆ ಯಾವುದೂ ಅಲ್ಲ, ತಲೆಯ ಮೇಲೆ ಬೀಸಣಿಗೆಯಂತಹ ಜುಟ್ಟಿರುವ, ನಮ್ಮ ಹೊಲ ಮೈದಾನಗಳಲ್ಲಿ ಹುಳು ಹೆಕ್ಕುವ ಚಂದ್ರಮುಕುಟ. ಅದರ ಕತೆಯನ್ನು ಬಾಲ್ಯದಿಂದ ಕೇಳಿದ ನಮ್ಮಲ್ಲಿ ಎಷ್ಟು ಮಂದಿ, ಅದು ಎದುರಿಗೆ ಬಂದು ಕುಳಿತರೆ ಗುರುತಿಸಬಲ್ಲೆವು?

ನಮ್ಮ ಪೂರ್ವಿಕರು ಈ ವಿಷಯವನ್ನು ಕಾಲಹರಣವೆಂದು ಬಗೆಯಲಿಲ್ಲ. ಒಂಬತ್ತನೆಯ ಶತಮಾನದ ಬಸ್ರಾದ ಸಾಹಿತಿ ಅಲ್ ಜಾಹಿಝ್ ಪ್ರಾಣಿಗಳ ಬಗ್ಗೆ ಹಲವು ಸಂಪುಟಗಳ ಗ್ರಂಥವನ್ನೇ ಬರೆದರು. ಹದಿನಾಲ್ಕನೆಯ ಶತಮಾನದ ಈಜಿಪ್ಟಿನಲ್ಲಿ ಧರ್ಮಶಾಸ್ತ್ರದ ವಿದ್ವಾಂಸರಾಗಿದ್ದ ಅದ್ದಮೀರಿ ಪ್ರಾಣಿಗಳ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿ ಒಂದು ಕೋಶ ರಚಿಸಿದರು. ನಮ್ಮ ದೇಶದಲ್ಲೇ ಸಾಲಿಂ ಅಲಿಯವರ (1896-1987) ಉದಾಹರಣೆಯಿದೆ. ಮುಂಬಯಿಯ ಈ ಹುಡುಗ ಆಟದ ಬಂದೂಕಿನಿಂದ ಒಂದು ಗುಬ್ಬಚ್ಚಿಯನ್ನು ಹೊಡೆದಾಗ ಅದರ ಗಂಟಲಿನಲ್ಲಿ ಹಳದಿ ಕಲೆ ಕಂಡಿತು. ಇದು ತಿನ್ನಬಹುದಾದ ಹಕ್ಕಿಯೇ ಎಂಬ ಶಂಕೆಯಿಂದ ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಯವರ ಬಳಿಗೆ ಒಯ್ದ. ಅವರು ಅವನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿದರು. ಹಲಾಲೋ ಅಲ್ಲವೋ ಎಂಬ ಒಂದು ಮಗುವಿನ ಪ್ರಶ್ನೆಯಿಂದ ಭಾರತದ ಪಕ್ಷಿವಿಜ್ಞಾನದ ಒಂದು ದೊಡ್ಡ ಅಧ್ಯಾಯವೇ ತೆರೆಯಿತು. 1941ರಲ್ಲಿ ಅವರ ಭಾರತೀಯ ಹಕ್ಕಿಗಳ ಪುಸ್ತಕ ಹೊರಬಂತು. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದುದಕ್ಕೂ ಅವರ ಸಲಹೆಯೇ ಕಾರಣ.

ಇಂದು ಈ ಹವ್ಯಾಸಿಗಳ ನೋಟ ಸಮಾಜಕ್ಕೂ ಉಪಕಾರಿಯಾಗಿದೆ. 2023ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ ಸಿದ್ಧವಾದುದು ಸುಮಾರು 30,000 ಪಕ್ಷಿವೀಕ್ಷಕರು ದಾಖಲಿಸಿದ 3 ಕೋಟಿಯಷ್ಟು ಟಿಪ್ಪಣಿಗಳಿಂದ. ಅದರಲ್ಲಿ 942 ಪ್ರಭೇದಗಳನ್ನು ಪರಿಶೀಲಿಸಲಾಗಿದೆ. ಯಾವ ಹಕ್ಕಿ ಕಡಿಮೆಯಾಗುತ್ತಿದೆ, ಯಾವುದು ಹೆಚ್ಚುತ್ತಿದೆ ಎಂಬುದು ಇಂದು ನಮಗೆ ತಿಳಿಯುವುದು ಬೆಳಿಗ್ಗೆ ಎದ್ದು ಕೆರೆಯ ಬಳಿ ನಿಂತು ಎಣಿಸಿದ ಈ ಸಾಮಾನ್ಯ ಜನರಿಂದ. ಇಂತಹವರನ್ನು ಸೋಮಾರಿಗಳೆಂದು ಕರೆಯುವುದು ನ್ಯಾಯವಲ್ಲ. ನಮಾಝ್, ಓದು, ಸಂಸಾರದ ಕರ್ತವ್ಯಗಳನ್ನು ಮರೆಸದಿರುವ ತನಕ ಈ ನೋಟವು ಚಿಂತನೆಯ ಒಂದು ದಾರಿಯೇ.

ಮುಟ್ಟದೆಯೂ ನೋಯಿಸಬಹುದು

ಇನ್ನು ಎರಡನೆಯ ಮಾತು. "ನಾವು ಬರೇ ನೋಡುತ್ತೇವೆ" ಎಂಬುದು ನಿಜವೇ?

ನನ್ನ ವಿದ್ಯಾರ್ಥಿಯೊಬ್ಬ ಒಂದು ದಿನ ಮೊಬೈಲಿನಲ್ಲಿ ಪಿಕಳಾರದ ಗೂಡಿನ ಚಿತ್ರ ತೋರಿಸಿದ. ಬಟ್ಟಲಿನಂತಹ ಗೂಡು, ಅದರೊಳಗೆ ಬಾಯಿ ತೆರೆದ ಮೂರು ಮರಿಗಳು. ಚಿತ್ರ ಬಹಳ ಸ್ಪಷ್ಟವಾಗಿತ್ತು. ಗೂಡಿಗೆ ಮರೆಯಾಗಿದ್ದ ಎರಡು ರೆಂಬೆಗಳನ್ನು ಆತ ಮುರಿದು ಬದಿಗೆ ಸರಿಸಿದ್ದ. ಚಿತ್ರ ನೋಡಿದ ಅವನ ಗೆಳೆಯರೂ ಮರುದಿನ ಅಲ್ಲಿಗೆ ಹೋದರು. ಮೂರನೆಯ ದಿನ ಗೂಡು ಖಾಲಿಯಾಗಿತ್ತು. ಮರಿಗಳನ್ನು ಕಾಗೆ ಒಯ್ದಿತ್ತು. "ಉಸ್ತಾದ್, ನಾನು ಮುಟ್ಟಲೇ ಇಲ್ಲ. ಕಾಗೆ ತಿಂದದ್ದಕ್ಕೆ ನಾನೇನು ಮಾಡಲಿ?" ಎಂದು ಆತ ಅಳುಮುಖ ಮಾಡಿ ಕೇಳಿದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ಆ ಎರಡು ರೆಂಬೆಗಳು ಆ ಮನೆಯ ಬಾಗಿಲಾಗಿದ್ದವು. ಬಾಗಿಲು ಮುರಿದು ಹೋದವನು, ಕಳ್ಳತನ ಮಾಡಿದ್ದು ನಾನಲ್ಲ ಎಂದರೆ ಅವನ ಹೊಣೆ ಪೂರ್ತಿ ಕಳೆಯುತ್ತದೆಯೇ?

ಹಕ್ಕಿ ಗೂಡು ಕಟ್ಟುವ ಜಾಗವನ್ನು ಆರಿಸುವುದು ಅಲ್ಲಿ ಮರೆಯಿದೆಯೆಂಬ ಕಾರಣಕ್ಕೆ. ಚಿತ್ರಕ್ಕೆ ಬೇಕಾದುದು ಬೆಳಕು ಮತ್ತು ತೆರವು. ಹಕ್ಕಿಯ ಅಗತ್ಯವೂ ಚಿತ್ರಗಾರನ ಅಗತ್ಯವೂ ಇಲ್ಲಿ ನೇರವಾಗಿ ಎದುರುಬದುರಾಗುತ್ತವೆ. ಮನುಷ್ಯ ಹತ್ತಿರ ನಿಂತಿದ್ದರೆ ತಾಯಿ ಹಕ್ಕಿ ಕೊಕ್ಕಿನಲ್ಲಿ ಹುಳು ಹಿಡಿದುಕೊಂಡೇ ದೂರದ ಕೊಂಬೆಯಲ್ಲಿ ಕಾಯುತ್ತದೆ, ಗೂಡಿಗೆ ಬರುವುದಿಲ್ಲ. ಅದರ ಗಾಬರಿಯ ಕೂಗು ಕಾಗೆಗೂ ಬೆಕ್ಕಿಗೂ ಸುಳಿವು ಕೊಡುತ್ತದೆ. ಬೆಳೆದ ಮರಿಗಳಾದರೆ ಹೆದರಿ, ಹಾರಲು ಕಲಿಯುವ ಮೊದಲೇ ಗೂಡಿನಿಂದ ಹೊರಗೆ ಬೀಳುತ್ತವೆ.

ಟಿಟ್ಟಿಭ ಹಕ್ಕಿಯನ್ನು ನೋಡಿ. ಅದು ಬಯಲಿನಲ್ಲಿ, ಕಲ್ಲುಗಳ ನಡುವೆ ನೆಲದ ಮೇಲೆಯೇ ಮೊಟ್ಟೆಯಿಡುತ್ತದೆ. ಬೇಸಿಗೆಯಲ್ಲಿ ಅದು ಮೊಟ್ಟೆಗಳ ಮೇಲೆ ನೆರಳಾಗಿ ನಿಲ್ಲುತ್ತದೆ. ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ತೋಯಿಸಿಕೊಂಡು ಬಂದು ಮೊಟ್ಟೆಗಳನ್ನು ತಂಪಾಗಿಡುತ್ತದೆ. ಉರಿಬಿಸಿಲಿನಲ್ಲಿ ಒಬ್ಬಾತ ಅರ್ಧ ತಾಸು ಅದರ ಸಮೀಪ ಕ್ಯಾಮರಾ ಹಿಡಿದು ಕುಳಿತರೆ ಆ ಮೊಟ್ಟೆಗಳು ಬೇಯಬಹುದು. ಆತ ಒಂದು ಕಲ್ಲನ್ನೂ ಎಸೆದಿಲ್ಲ, ಬರೇ ಕುಳಿತಿದ್ದ.

ಇನ್ನು ಕೆಲವರು ಹಕ್ಕಿಯ ಕೂಗನ್ನು ಮೊಬೈಲಿನಲ್ಲಿ ನುಡಿಸಿ ಅದನ್ನು ಹತ್ತಿರಕ್ಕೆ ಕರೆಯುತ್ತಾರೆ. ತನ್ನ ಎಲ್ಲೆಯೊಳಗೆ ಇನ್ನೊಂದು ಗಂಡು ನುಗ್ಗಿದೆಯೆಂದು ನಂಬಿ ಆ ಹಕ್ಕಿ ಮೇವು ಬಿಟ್ಟು ಜಗಳಕ್ಕೆ ಬರುತ್ತದೆ. ಇಲ್ಲದ ಶತ್ರುವನ್ನು ಹುಡುಕಿ ದಣಿಯುತ್ತದೆ. ಇದು ಸಾರಾಂಶದಲ್ಲಿ ಮೋಸವೇ. ಮನುಷ್ಯನಿಗೆ ಮೋಸ ಮಾಡಬಾರದೆಂದು ಕಲಿತ ನಾವು, ಮಾತು ಬಾರದ ಜೀವಿಗೆ ಮಾಡಬಹುದೆಂದು ಎಲ್ಲಿ ಕಲಿತೆವು?

ಅಬೂದಾವೂದ್ ಹದೀಸ್ ಗ್ರಂಥದಲ್ಲಿ ಒಂದು ಘಟನೆಯಿದೆ. ಪ್ರಯಾಣವೊಂದರಲ್ಲಿ ಪ್ರವಾದಿವರ್ಯರು(ಸ) ಸ್ವಲ್ಪ ದೂರ ಹೋಗಿದ್ದಾಗ ಅನುಚರರು ಒಂದು ಚಿಕ್ಕ ಹಕ್ಕಿಯ ಎರಡು ಮರಿಗಳನ್ನು ಎತ್ತಿಕೊಂಡರು. ತಾಯಿ ಹಕ್ಕಿ ರೆಕ್ಕೆ ಬಡಿಯುತ್ತ ಅಲ್ಲೇ ಸುತ್ತತೊಡಗಿತು. ಪ್ರವಾದಿವರ್ಯರು(ಸ) ಮರಳಿ ಬಂದು ಅದನ್ನು ನೋಡಿದರು. ಮರಿಗಳ ವಿಷಯದಲ್ಲಿ ಇದನ್ನು ಸಂಕಟಕ್ಕೀಡು ಮಾಡಿದವರು ಯಾರೆಂದು ಕೇಳಿ, ಮರಿಗಳನ್ನು ಮರಳಿಸುವಂತೆ ಆಜ್ಞಾಪಿಸಿದರು. ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಯಾರೂ ಮರಿಗಳನ್ನು ಕೊಂದಿರಲಿಲ್ಲ. ಪ್ರವಾದಿವರ್ಯರು(ಸ) ವಿಚಾರಿಸಿದ್ದು ಸಾವನ್ನಲ್ಲ, ತಾಯಿಯ ಸಂಕಟವನ್ನು. ಅಂದರೆ ಹಕ್ಕಿಯ ಗಾಬರಿಗೂ ಲೆಕ್ಕವಿದೆ. ಅದಕ್ಕೂ ಒಬ್ಬ ವಿಚಾರಿಸುವವನಿದ್ದಾನೆ.

ನಮ್ಮ ದೇಶದ ಕಾನೂನು ಕೂಡ ಇದನ್ನು ಹಗುರವಾಗಿ ಕಂಡಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು 'ಬೇಟೆ' ಎಂಬ ಪದದ ವ್ಯಾಖ್ಯೆಯೊಳಗೆ ಕಾಡು ಹಕ್ಕಿಗಳ ಮೊಟ್ಟೆಗಳಿಗೂ ಗೂಡುಗಳಿಗೂ ತೊಂದರೆ ಕೊಡುವುದನ್ನು ಸೇರಿಸಿದೆ.

ಕೋಳಿ ತಿನ್ನುವವರಿಗೆ ಈ ಮಾತೇಕೆ?

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. "ನಾವು ಕೋಳಿ ಕೊಯ್ಯುತ್ತೇವೆ, ಬಕ್ರೀದಿಗೆ ಬಲಿ ಕೊಡುತ್ತೇವೆ. ಜೀವ ತೆಗೆಯುವುದೇ ಸಮ್ಮತವಾಗಿರುವಾಗ ಒಂದು ಪಿಕಳಾರಕ್ಕೆ ಸ್ವಲ್ಪ ಹೆದರಿಕೆಯಾದರೆ ಅದೇನು ದೊಡ್ಡ ವಿಷಯ?" ಈ ಪ್ರಶ್ನೆಯನ್ನು ನಕ್ಕು ತಳ್ಳಿಬಿಡಬಾರದು. ಇದಕ್ಕೆ ಉತ್ತರ ಬೇಕು.

ಆಹಾರಕ್ಕಾಗಿ ಕೊಯ್ಯುವ ಅನುಮತಿ ನಮ್ಮ ಸ್ವಂತ ಅಧಿಕಾರವಲ್ಲ. ಅದು ಸೃಷ್ಟಿಕರ್ತನಿಂದ ಅಗತ್ಯಕ್ಕಾಗಿ ಪಡೆದದ್ದು. ಆದುದರಿಂದಲೇ ಅವನ ಹೆಸರು ಹೇಳದೆ ಕತ್ತಿ ಇಡುವಂತಿಲ್ಲ. ಆ ಅನುಮತಿಯ ಜೊತೆಗೆ ನಿಬಂಧನೆಗಳೂ ಬಂದಿವೆ. ಕತ್ತಿ ಹರಿತವಾಗಿರಬೇಕು, ಪ್ರಾಣಿಗೆ ಹಿಂಸೆಯಾಗಬಾರದು ಎಂಬುದು ಪ್ರವಾದಿ ಬೋಧನೆ. ಹದಿಮೂರನೆಯ ಶತಮಾನದ ವಿದ್ವಾಂಸ ಇಝ್ಝುದ್ದೀನ್ ಇಬ್ನ್ ಅಬ್ದಿಸ್ಸಲಾಂ ಪ್ರಾಣಿಗಳಿಗೆ ಮನುಷ್ಯನ ಮೇಲಿರುವ ಹಕ್ಕುಗಳನ್ನು ಪಟ್ಟಿ ಮಾಡುವಾಗ, ಮರಿಗಳನ್ನು ಅವುಗಳ ತಾಯಿಯ ಕಣ್ಣೆದುರು ಕೊಯ್ಯಬಾರದೆಂಬುದನ್ನೂ ಸೇರಿಸಿದ್ದಾರೆ. ಕೊಯ್ಯುವ ಸಂದರ್ಭದಲ್ಲಿಯೂ ಇಷ್ಟು ಎಚ್ಚರವಿರಬೇಕಾದರೆ, ಹಸಿವೂ ಇಲ್ಲದ, ಅಗತ್ಯವೂ ಇಲ್ಲದ ವಿನೋದದಲ್ಲಿ ಎಷ್ಟಿರಬೇಕು? ಅಗತ್ಯವು ಅನುಮತಿಸಿದ್ದನ್ನು ಮೋಜು ಅನುಮತಿಸುವುದಿಲ್ಲ.

ಕುರೈಷರ ಕೆಲವು ಯುವಕರು ಒಂದು ಹಕ್ಕಿಯನ್ನು ಕಟ್ಟಿಹಾಕಿ ಬಾಣಗಳ ಗುರಿ ಮಾಡಿದ್ದನ್ನು ಅಬ್ದುಲ್ಲಾ ಇಬ್ನ್ ಉಮರ್(ರ) ಕಂಡ ಪ್ರಸಂಗ ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿದೆ. ಜೀವವಿರುವುದನ್ನು ಗುರಿಯಾಗಿ ಬಳಸುವವನನ್ನು ಪ್ರವಾದಿವರ್ಯರು(ಸ) ಶಪಿಸಿದ್ದಾರೆಂದು ಅವರು ಆ ಯುವಕರಿಗೆ ತಿಳಿಸಿದರು. ಬಾಣವೂ ಕ್ಯಾಮರಾವೂ ಒಂದೇ ಎಂದು ನಾನು ಹೇಳುತ್ತಿಲ್ಲ. ಆದರೆ ಒಂದು ಜೀವಿಯನ್ನು ತನ್ನ ಆಟದ ಗುರಿಯಾಗಿ ಮಾತ್ರ ಕಾಣುವ ಮನೋಭಾವ ಎರಡರಲ್ಲೂ ಹುಟ್ಟಬಹುದು ಎಂಬುದನ್ನು ಮರೆಯಬಾರದು.

ಜಹಾಂಗೀರನ ಕಣ್ಣು, ಜಹಾಂಗೀರನ ಕೈ

ಹಕ್ಕಿಗಳ ಬಗ್ಗೆ ಹೆಚ್ಚು ತಿಳಿದವನು ತಾನಾಗಿಯೇ ಅವುಗಳ ಮೇಲೆ ದಯೆ ತೋರುತ್ತಾನೆ ಎಂಬ ನಂಬಿಕೆಯೊಂದಿದೆ. ಇತಿಹಾಸ ಇದನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. 1605ರಿಂದ 1627ರವರೆಗೆ ಆಳಿದ ಮೊಗಲ್ ಚಕ್ರವರ್ತಿ ಜಹಾಂಗೀರನಂತಹ ಸೂಕ್ಷ್ಮದೃಷ್ಟಿಯ ಅರಸರು ಕಡಿಮೆ. ಲೈಲಾ ಮಜ್ನೂ ಎಂದು ಹೆಸರಿಟ್ಟ ಸಾರಸ ಜೋಡಿಯೊಂದು ಮೊಟ್ಟೆಯಿಟ್ಟು ಮರಿ ಮಾಡಿದ್ದನ್ನು ಆತ ದಿನಚರಿಯಲ್ಲಿ ವಿವರವಾಗಿ ಬರೆದಿಟ್ಟ. ಅವನ ಆಸ್ಥಾನದ ಉಸ್ತಾದ್ ಮನ್ಸೂರ್ ಬಿಡಿಸಿದ ಹಕ್ಕಿಗಳ ಚಿತ್ರಗಳನ್ನು ಇಂದಿನ ವಿಜ್ಞಾನಿಗಳೂ ಮೆಚ್ಚುತ್ತಾರೆ. ಅದೇ ಜಹಾಂಗೀರನು ತಾನು ಸ್ವಹಸ್ತದಿಂದ ಬೇಟೆಯಾಡಿದ ಪ್ರಾಣಿಗಳ ಲೆಕ್ಕವನ್ನೂ ತೆಗೆಸಿದ. ಅದು 17,000ಕ್ಕೂ ಮಿಕ್ಕಿತ್ತು. ಅವುಗಳಲ್ಲಿ ಹೆಚ್ಚಿನವು ಹಕ್ಕಿಗಳು.

ಮೆಚ್ಚುವ ಕಣ್ಣು, ಕೊಲ್ಲುವ ಕೈ ಎರಡೂ ಒಬ್ಬನಲ್ಲೇ ಇರಬಲ್ಲವು. ಸೌಂದರ್ಯದ ಅರಿವು ಒಂದು ವರದಾನ. ಆದರೆ ಅದು ದಯೆಯಲ್ಲ. ಮೆಚ್ಚಿಕೆಯು 'ಇದು ನನಗೆ ಬೇಕು' ಎನ್ನುತ್ತದೆ. ದಯೆಯು 'ಇದಕ್ಕೆ ಏನು ಬೇಕು?' ಎಂದು ಕೇಳುತ್ತದೆ. ಹಕ್ಕಿಯ ಚಿತ್ರ ತೆಗೆಯುವವನ ಮನಸ್ಸಿನಲ್ಲಿ ಯಾವ ಪ್ರಶ್ನೆ ಮೊದಲು ಬರುತ್ತದೆ ಎಂಬುದೇ ಅವನ ಪರೀಕ್ಷೆ.

ಚಿತ್ರದ ಲಾಭ, ಚಿತ್ರದ ಆಸೆ

ಜೀವಿಗಳ ಚಿತ್ರದ ವಿಷಯದಲ್ಲಿ ವಿದ್ವಾಂಸರ ನಡುವೆ ಭಿನ್ನಾಭಿಪ್ರಾಯವಿರುವುದು ಓದುಗರಿಗೆ ತಿಳಿದದ್ದೇ. ಈಜಿಪ್ಟಿನ ಮುಫ್ತಿಯಾಗಿದ್ದ ಮುಹಮ್ಮದ್ ಬಖೀತ್ ಅಲ್ ಮುತೀಈ (ನಿಧನ 1935) ಮುಂತಾದವರು, ಕ್ಯಾಮರಾ ಹೊಸ ರೂಪವನ್ನು ರಚಿಸದೆ ಇರುವ ನೆರಳನ್ನು ಹಿಡಿದಿಡುತ್ತದೆ ಎಂಬ ಆಧಾರದಲ್ಲಿ ಅದನ್ನು ಅನುಮತಿಸಿದರು. ನಮ್ಮ ಉಪಖಂಡದ ಹಲವು ಉಲಮಾಗಳು ಅದನ್ನು ಒಪ್ಪಲಿಲ್ಲ. ಆ ಚರ್ಚೆ ಈ ಲೇಖನದ ವಿಷಯವಲ್ಲ. ಪ್ರತಿಯೊಬ್ಬರೂ ತಾವು ವಿಶ್ವಾಸವಿಟ್ಟ ವಿದ್ವಾಂಸರನ್ನು ಅನುಸರಿಸಲಿ. ಆದರೆ ಅನುಮತಿಯಿದೆಯೆಂದು ನಂಬಿದವರಿಗೂ ಹಕ್ಕಿಯ ಹಕ್ಕಿನ ಪ್ರಶ್ನೆ ಉಳಿದೇ ಇರುತ್ತದೆ.

ಚಿತ್ರದಿಂದ ಲಾಭವಿದೆ ಎಂಬುದನ್ನು ಒಪ್ಪಬೇಕು. ಸಾಲಿಂ ಅಲಿಯವರ ಕಾಲದಲ್ಲಿ ಅಪರೂಪದ ಹಕ್ಕಿಯೊಂದನ್ನು ಖಚಿತವಾಗಿ ಗುರುತಿಸಬೇಕಾದರೆ ಅನೇಕ ಸಲ ಅದನ್ನು ಹೊಡೆದು ಕೈಯಲ್ಲಿ ಹಿಡಿಯಬೇಕಾಗಿತ್ತು. ಅವರೂ ಹಾಗೆಯೇ ಮಾಡಿದ್ದಾರೆ. ಇಂದು ದೂರದಿಂದ ತೆಗೆದ ಒಂದು ಚಿತ್ರ ಬಂದೂಕಿನ ಆ ಕೆಲಸವನ್ನು ರಕ್ತವಿಲ್ಲದೆ ಮಾಡುತ್ತದೆ. ಮೂಡಿಗೆರೆಯ ತೋಟದಲ್ಲಿದ್ದುಕೊಂಡು ಹಕ್ಕಿಗಳ ಚಿತ್ರ ತೆಗೆದು, ಅವುಗಳ ಬಗ್ಗೆ ಬರೆದ ಪೂರ್ಣಚಂದ್ರ ತೇಜಸ್ವಿಯವರು (1938-2007) ಎಷ್ಟೋ ಕನ್ನಡಿಗರ ಕಣ್ಣು ತೆರೆಸಿದರು.

"ಹಾಗಾದರೆ ಒಂದು ಗೂಡಿಗೆ ತೊಂದರೆಯಾದರೂ ಸಾವಿರ ಜನರಲ್ಲಿ ಹಕ್ಕಿಗಳ ಮೇಲೆ ಪ್ರೀತಿ ಹುಟ್ಟುವುದಾದರೆ ತಪ್ಪೇ?" ಎಂದು ಕೇಳುವವರಿದ್ದಾರೆ. ಗೂಡಿನ ಚಿತ್ರವಿಲ್ಲದೆಯೂ ಆ ಪ್ರೀತಿಯನ್ನು ಹುಟ್ಟಿಸಲು ಸಾಧ್ಯವಿರುವಾಗ ಈ ವಾದ ನಿಲ್ಲುವುದಿಲ್ಲ. ಅಲ್ಲದೆ, ಸಾವಿರ ಜನರ ಲಾಭಕ್ಕೆ ಬೆಲೆ ತೆರುವುದು ನಾವಲ್ಲ, ಆ ಹಕ್ಕಿ. ಇನ್ನೊಬ್ಬರ ಕಿಸೆಯಿಂದ ದಾನ ಮಾಡಿ ಪುಣ್ಯ ಬಯಸುವುದು ಸರಿಯೇ? ಇದನ್ನು ಅರಿತೇ ಛಾಯಾಗ್ರಾಹಕರ ಹಲವು ಬಳಗಗಳು ಗೂಡು ಮರಿಗಳ ಚಿತ್ರಗಳನ್ನು ಸ್ವೀಕರಿಸುವುದನ್ನು ನಿಲ್ಲಿಸಿವೆ.

ನಮ್ಮ ಮನಸ್ಸನ್ನೂ ಒಮ್ಮೆ ಪರೀಕ್ಷಿಸೋಣ. ಎರಡು ಹೆಜ್ಜೆ ಇನ್ನೂ ಹತ್ತಿರ ಹೋಗುವಂತೆ ಪ್ರೇರೇಪಿಸುವುದು ಹಕ್ಕಿಯ ಮೇಲಿನ ಪ್ರೀತಿಯೇ, ಅಥವಾ ನಾಳೆ ಗೆಳೆಯರು ಕೊಡುವ ಮೆಚ್ಚುಗೆಯೇ? ಚಿತ್ರವನ್ನು ಯಾರಿಗೂ ತೋರಿಸಬಾರದೆಂದು ಷರತ್ತು ಹಾಕಿದರೆ ನಾವು ಅಷ್ಟು ಹತ್ತಿರ ಹೋಗುತ್ತಿದ್ದೆವೇ? ಆರಾಧನೆಯಲ್ಲಿ ನುಸುಳುವ ತೋರಿಕೆಯ ರೋಗ ಹವ್ಯಾಸವನ್ನು ಬಿಟ್ಟೀತೇ?

ನಾವೇನು ಮಾಡಬಹುದು?

ಹಕ್ಕಿ ನೋಡುವುದನ್ನು ಬಿಡಬೇಕಾಗಿಲ್ಲ. ಸರಿಯಾಗಿ ನೋಡಲು ಕಲಿಯಬೇಕು. ಹಕ್ಕಿ ಮೇಯುವುದನ್ನು ನಿಲ್ಲಿಸಿ ನಮ್ಮನ್ನೇ ದಿಟ್ಟಿಸಿದರೆ ನಾವು ಅದರ ಎಲ್ಲೆಯನ್ನು ದಾಟಿದ್ದೇವೆಂದು ತಿಳಿದು ಹಿಂದೆ ಸರಿಯಬೇಕು. ಗೂಡು ಆಕಸ್ಮಿಕವಾಗಿ ಕಂಡರೆ ನಿಲ್ಲದೆ ಮುಂದೆ ಸಾಗಬೇಕು, ಜಾಗವನ್ನು ಇತರರಿಗೆ ತಿಳಿಸಬಾರದು. ಅದು ಆ ಹಕ್ಕಿಯ ಗುಟ್ಟು, ನಮ್ಮ ಬಳಿ ಇರುವ ಅಮಾನತ್ತು. ಮಕ್ಕಳಿಗೆ ಮೊಬೈಲಿಗಿಂತ ಮೊದಲು ಒಂದು ನೋಟುಪುಸ್ತಕ ಕೊಡೋಣ. ಯಾವ ದಿನ, ಎಲ್ಲಿ, ಯಾವ ಹಕ್ಕಿ, ಏನು ಮಾಡುತ್ತಿತ್ತು ಎಂದು ಅವರು ಬರೆಯಲಿ. ಚಿತ್ರ ಕ್ಷಣಾರ್ಧದಲ್ಲಿ ಮುಗಿಯುತ್ತದೆ. ಬರೆಯಬೇಕಾದರೆ ನೋಡಲೇಬೇಕಾಗುತ್ತದೆ. ಮನೆಯಲ್ಲಿರುವ ಸಹೋದರಿಯರು ಇದಕ್ಕಾಗಿ ದೂರ ಹೋಗಬೇಕಾಗಿಲ್ಲ. ಅಡುಗೆಮನೆಯ ಕಿಟಕಿಯಿಂದ ಕಾಣುವ ನುಗ್ಗೆ ಮರವೊಂದೇ ವರ್ಷವಿಡೀ ಪಾಠ ಹೇಳಬಲ್ಲುದು. ಬೇಸಿಗೆಯಲ್ಲಿ ನೆರಳಿನಲ್ಲಿ ಒಂದು ಮಣ್ಣಿನ ತಟ್ಟೆಯಲ್ಲಿ ನೀರಿಟ್ಟು ದಿನವೂ ಬದಲಾಯಿಸಿದರೆ ಹಕ್ಕಿಗಳೇ ನಮ್ಮ ಬಳಿಗೆ ಬರುತ್ತವೆ. ಒಬ್ಬ ಮುಸ್ಲಿಮನು ನೆಟ್ಟ ಗಿಡದಿಂದ ಹಕ್ಕಿ ತಿಂದದ್ದೂ ಅವನ ಪಾಲಿಗೆ ದಾನವೆಂದು ಪ್ರವಾದಿವರ್ಯರು(ಸ) ಕಲಿಸಿಲ್ಲವೇ?

ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನ ಜನರನ್ನು ಇಲ್ಲಿ ನೆನೆಯಬೇಕು. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಹಕ್ಕಿಗಳಿರುವ ಮರಗಳ ಹುಣಸೆ ಫಸಲಿಗೆ ನಷ್ಟವಾದರೂ, ಹಿಕ್ಕೆಯ ವಾಸನೆಯಿದ್ದರೂ ಊರವರು ಅವುಗಳನ್ನು ಓಡಿಸಲಿಲ್ಲ. ಹಿಕ್ಕೆಯನ್ನು ಗೊಬ್ಬರವಾಗಿ ಹೊಲಕ್ಕೆ ಹಾಕಿದರು. ಪೀಳಿಗೆಗಳಿಂದ ಹಕ್ಕಿಗಳನ್ನು ಊರಿನ ಹೆಣ್ಣುಮಕ್ಕಳು ಬಾಣಂತನಕ್ಕೆ ತವರಿಗೆ ಬಂದಂತೆ ಕಂಡರು. ಅವರ ಬಳಿ ದುರ್ಬೀನು ಇರಲಿಲ್ಲ, ಕ್ಯಾಮರಾ ಇರಲಿಲ್ಲ. ಆದರೆ ಹಕ್ಕಿಗೆ ಏನು ಬೇಕೆಂದು ಅವರಿಗೆ ತಿಳಿದಿತ್ತು.

ಪ್ರಿಯ ಓದುಗರೇ, ಹಕ್ಕಿ ನಮ್ಮ ಮೇಲೆ ದೂರು ಕೊಡಲು ಪೊಲೀಸ್ ಠಾಣೆಗೆ ಹೋಗುವುದಿಲ್ಲ. ಅದರ ಪರವಾಗಿ ಮಾತನಾಡುವ ವಕೀಲರೂ ಇಲ್ಲ. ಆದರೆ ವಿನಾಕಾರಣ ಕೊಲ್ಲಲ್ಪಟ್ಟ ಒಂದು ಗುಬ್ಬಚ್ಚಿಯೂ ಅಂತಿಮ ದಿನದಂದು ತನ್ನ ಪ್ರಭುವಿನ ಮುಂದೆ ದೂರು ಹೇಳುವುದೆಂಬ ಎಚ್ಚರಿಕೆ ನಸಾಈ ಹದೀಸ್ ಗ್ರಂಥದಲ್ಲಿದೆ. ಆ ದಿನ ಹಕ್ಕಿಯೊಂದು ನಮ್ಮ ವಿರುದ್ಧ ನಿಲ್ಲದಿರಲಿ. ಬಿಸಿಲಿನಲ್ಲಿ ನೀರಿಟ್ಟವನು, ಗೂಡನ್ನು ಕಂಡೂ ಕಾಣದಂತೆ ಸರಿದುಹೋದವನು ಎಂದು ಅದು ನಮ್ಮ ಪರವಾಗಿ ಸಾಕ್ಷಿ ನುಡಿಯುವಂತಾಗಲಿ. ಅಲ್ಲಾಹನು ನಮ್ಮ ಕಣ್ಣುಗಳಿಗೆ ಅರಿವನ್ನೂ, ಆ ಅರಿವಿಗೆ ದಯೆಯನ್ನೂ ಅನುಗ್ರಹಿಸಲಿ.